ಮಳೆಗಾಲದ ಮೇಳಕ್ಕೆ ಪಲ್ಪರ್ ಮಾದರಿ

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ಹಳೆಯ ಮಿಕ್ಸಿ ಮೋಟರ್, ಬೆಲ್ಟ್, ಎರಡು ಪುಲ್ಲಿ ಬಳಸಿ ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮಾದರಿ ಮಾಡಿದ್ದಾಳೆ. ಆಗಸ್ಟ್‌ನಲ್ಲಿ ಶಾಲೆಯ ಮೇಳ, ಹಾಲ್‌ನ ನೆಲ ಆಗ ಸದಾ ಒದ್ದೆ. ನೇರವಾಗಿ ಕರೆಂಟ್ ಕೊಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಬೇಡ. ಮಿಕ್ಸಿ ಮೋಟರಿಗೆ ಬೇಕಾದ್ದು 230 ವೋಲ್ಟ್. ಒದ್ದೆ ನೆಲದಲ್ಲಿ ನಿಂತ ಮಗುವಿಗೆ ಸಣ್ಣ ಲೀಕೇಜೂ ಪ್ರಾಣಾಪಾಯ. ಜೊತೆಗೆ ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಬದಲಿಗೆ 12 ವೋಲ್ಟ್, 60 ಆರ್‌ಪಿಎಂನ (ನಿಮಿಷಕ್ಕೆ 60 ಸುತ್ತಿನ) ಗೇರ್ ಮೋಟರ್ ಹಾಕಿ. ಸಿಪ್ಪೆ ಬಿಡಿಸುವ ಡ್ರಮ್ ಹೇಗೆ ಕೆಲಸ ಮಾಡುತ್ತದೆಂದು ನೋಡುವವರಿಗೆ ಕಾಣುವುದೂ ನಿಧಾನದಲ್ಲೇ.

ಬ್ಯಾಟರಿಯಾದರೆ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೇ 3 ಆಂಪಿಯರ್ ಫ್ಯೂಸ್ ಇರಲಿ. 12 ವೋಲ್ಟ್‌ಗೆ ಶಾಕ್ ಹೊಡೆಯದು ನಿಜ, ಆದರೆ ಶಾರ್ಟ್ ಆದರೆ ವೈರ್ ಕೆಂಪಗೆ ಕಾದು ಬೆಂಕಿ ಹತ್ತೀತು. ಅಡಾಪ್ಟರ್ ಬಳಸಿದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಕಟ್ ಮಾಡುವ ಸ್ವಿಚ್) ಇರುವ ಲೈನಿನಿಂದಲೇ ತೆಗೆದುಕೊಳ್ಳಿ, ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲಕ್ಕಿಡದೆ ಮೇಜಿನ ಮೇಲಿಡಿ.

ಹೆಚ್ಚಿನವರು ಮರೆಯುವುದು ಬೆಲ್ಟನ್ನು. ಬೆಲ್ಟ್ ಪುಲ್ಲಿಯೊಳಗೆ ನುಗ್ಗುವ ಜಾಗವೇ ಬೆರಳು, ಜಡೆ, ದುಪಟ್ಟಾ ಎಳೆದುಕೊಳ್ಳುವ ಬಾಯಿ. ಅದಕ್ಕೆ ಪೂರ್ತಿ ಅಕ್ರಿಲಿಕ್ ಕವಚ ಹಾಕಿ, ಕೈಯಲ್ಲಿ ಬಿಚ್ಚಲಾಗದಂತೆ ಸ್ಕ್ರೂ ಬಿಗಿಯಿರಿ. ಒತ್ತಿ ಹಿಡಿದಾಗ ಮಾತ್ರ ಓಡುವ ಪುಷ್ ಬಟನ್ ಕೊಡಿ: ಕೈಬಿಟ್ಟರೆ ಕರೆಂಟ್ ಕಟ್.