ಘಾಟಿಯಲ್ಲಿ ಕಪ್ಪು ಹೊಗೆ, ಎಳೆತವಿಲ್ಲ, ಸ್ಕ್ಯಾನರಿನಲ್ಲಿ ಪಿ 0401: ಇಜಿಆರ್ ವಾಲ್ವ್ ಬದಲಿಸಲೇಬೇಕೇ?

ನೀವು ಬರೆದಿರುವುದು ಇಷ್ಟು: ಬಿಎಸ್ 4 ಹೊಗೆ ನಿಯಮದ ಲಾರಿ, ಕುಂದಾಪುರದಿಂದ ಲೋಡು ಹೊತ್ತು ಹುಲಿಕಲ್ ಘಾಟಿ ಹತ್ತುವಾಗ ಕಪ್ಪು ಹೊಗೆ ಕಾರುತ್ತದೆ, ಎಳೆಯುವುದಿಲ್ಲ. ಖಾಲಿ ಇದ್ದಾಗ ತೊಂದರೆಯಿಲ್ಲ, ನಿಂತಲ್ಲಿ ಎಂಜಿನ್ ನುಣ್ಣಗೆ ಓಡುತ್ತದೆ. ಸ್ಕ್ಯಾನರ್ ಪಿ 0401 ಎಂಬ ದೋಷದ ಕೋಡ್ ತೋರಿಸಿದೆ. ಗ್ಯಾರೇಜಿನವರು ಇಜಿಆರ್ ವಾಲ್ವ್ ಬದಲಿಸಿ, ಇಲ್ಲವೇ ತಗಡು ಕೊಟ್ಟು ಮುಚ್ಚಿಬಿಡೋಣ ಎನ್ನುತ್ತಿದ್ದಾರೆ.

ಸದ್ಯಕ್ಕೆ ಎರಡೂ ಬೇಡ. ನಾನು ಶಿವಮೊಗ್ಗದಲ್ಲಿ ಡೀಸೆಲ್ ಗಾಡಿಗಳ ಕೆಲಸ ಮಾಡುವವನು. ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹೊಗೆಗೂ ಆ ಕೋಡ್‌ಗೂ ತಾಳೆಯಾಗದಿರುವುದು.

ಇಜಿಆರ್ ಮಾಡುವ ಕೆಲಸ ಸರಳ. ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೇ ಕುಡಿಸುತ್ತದೆ. ಒಳಗಿನ ಉರಿಯ ಶಾಖ ತಗ್ಗಿ, ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಲೋಡಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ನಿಗೆ ಶುದ್ಧ ಗಾಳಿಯೇ ಬೇಕು. ಆಗ ವಾಲ್ವ್ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ನಿಂತರೆ ನಿಮ್ಮಲ್ಲಿ ಬರುವಂಥ ಕಪ್ಪು ಹೊಗೆ ಬರುತ್ತದೆ, ನಿಜ. ಆದರೆ ಹಾಗೆ ನಿಂತ ವಾಲ್ವ್ ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲೂ ಎಂಜಿನ್ನನ್ನು ನಡುಗಿಸುತ್ತದೆ. ನಿಮ್ಮದು ನುಣ್ಣಗಿದೆ. ಅದಕ್ಕಿಂತ ಹೆಚ್ಚಾಗಿ, ಪಿ 0401 ಎಂದರೆ ಇಜಿಆರ್ ಮೂಲಕ ಹೊಗೆಯ ಹರಿವು ಕಡಿಮೆ ಎಂದು ಅರ್ಥ, ಹೆಚ್ಚು ಎಂದಲ್ಲ. ಹೆಚ್ಚಾಗಿದ್ದರೆ ಪಿ 0402 ಬರಬೇಕಿತ್ತು. ಎಂಜಿನ್ ಕುಡಿಯುತ್ತಿರುವ ಹೊಗೆ ಕಡಿಮೆಯಾದರೆ ಕಪ್ಪು ಹೊಗೆ ಏಕೆ ಬರುತ್ತದೆ?

ಎರಡನ್ನೂ ಒಟ್ಟಿಗೆ ವಿವರಿಸುವ ಒಂದು ಕಳ್ಳನಿದ್ದಾನೆ: ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಅದನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್ ಪೈಪು. ಹೊಗೆ ಒಳಹೋದಷ್ಟೂ ಶುದ್ಧ ಗಾಳಿ ಇಳಿಯಬೇಕು. ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ, ಒಳಬರುವ ಶುದ್ಧ ಗಾಳಿ ಎಷ್ಟು ಇಳಿಯಿತು ಎಂಬುದರಿಂದಲೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಜಿಆರ್ ಹರಿವನ್ನು ಅಂದಾಜು ಮಾಡುತ್ತದೆ. ಸೆನ್ಸರಿನ ಆಚೆ ಹೋಸ್ ಸೀಳಿದ್ದರೆ ಗಾಳಿ ಲೆಕ್ಕಕ್ಕೆ ಸಿಗುತ್ತದೆ, ಎಂಜಿನ್ನಿಗೆ ಸಿಗುವುದಿಲ್ಲ. ಗಾಳಿ ಇಳಿದೇ ಇಲ್ಲವೆಂದು ಇಸಿಯು ಇಜಿಆರ್ ಮೇಲೆ ದೂರು ಬರೆದುಕೊಳ್ಳುತ್ತದೆ. ಇಲ್ಲದ ಗಾಳಿಗೂ ಡೀಸೆಲ್ ಸುರಿಯುತ್ತದೆ. ಖಾಲಿ ಗಾಡಿಯಲ್ಲಿ ಟರ್ಬೊ ಒತ್ತಡ ಕಡಿಮೆ, ಸೀಳು ಬಾಯಿ ಬಿಡುವುದಿಲ್ಲ. ಘಾಟಿಯಲ್ಲಿ ಬಿಡುತ್ತದೆ.

ಹೋಸನ್ನು ಮೇಲಿನಿಂದ ನೋಡಿ ಸರಿಯಿದೆ ಎಂದು ಬಿಡಬೇಡಿ. ಎಂಜಿನ್ ಆರಿದ ಮೇಲೆ ಕ್ಲಾಂಪಿನ ಅಂಚಿಗೂ ಹೋಸಿನ ಹೊಟ್ಟೆಯ ಕೆಳಭಾಗಕ್ಕೂ ಬೆರಳಾಡಿಸಿ. ಟರ್ಬೊದ ತುಸು ಆಯಿಲ್ ಸೀಳಿನಿಂದ ಹೊರಬಂದು, ಧೂಳು ಹಿಡಿದು ಕಪ್ಪಗೆ ಜಿಡ್ಡಾಗಿರುತ್ತದೆ. ಜಿಡ್ಡನ್ನು ಒರೆಸಿ ಹೋಸನ್ನು ಹಿಂಡಿದರೆ ಕೂದಲೆಳೆಯಂಥ ಬಿರುಕು ತುಟಿ ತೆರೆಯುವುದು ಕಾಣುತ್ತದೆ. ಕಾಣದಿದ್ದರೆ 15 ಪೌಂಡ್ ಒತ್ತಡ ಮೀರದಂತೆ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿಸಿ. ಏರ್ ಫಿಲ್ಟರನ್ನೂ ನೋಡಿ.

ಹೋಸ್ ಸರಿಯಿದ್ದರೆ ವಾಲ್ವಿನತ್ತ ತಿರುಗಿ, ಆದರೆ ಮೊದಲು ಅದರ ವೈರಿನ ಕನೆಕ್ಟರ್ ಬಿಚ್ಚಿ ನೋಡಿ. ಹಿಂದೊಮ್ಮೆ ನಾನೇ ಎಡವಿದ್ದೆ. ಮಳೆಗಾಲವಿಡೀ ಮಾಸ್ತಿಕಟ್ಟೆ ಕಡೆ ಅಡಿಕೆ ತೋಟದ ಬದಿಯಲ್ಲಿ ನಿಂತಿದ್ದ ಲಾರಿಗೆ ಹೊಸ ವಾಲ್ವ್ ಹಾಕಿಸಿದೆ, ಎಂಜಿನ್ ಎಚ್ಚರಿಕೆ ದೀಪ ಆರಲಿಲ್ಲ. ಮೂರನೇ ದಿನ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದರೆ ಒಂದು ಪಿನ್ನಿಗೆ ಹಸಿರು ಕಿಲುಬು, ಹಳೆಯ ತಾಮ್ರದ ಚೊಂಬಿಗೆ ಹಿಡಿಯುವಂಥದ್ದೇ. ವಾಲ್ವ್ ಎಷ್ಟು ತೆರೆದಿದೆ ಎಂದು ತಿಳಿಸುವ ಪೊಸಿಷನ್ ಸೆನ್ಸರಿಗೆ ಹೋಗುವ 5 ವೋಲ್ಟ್ ಅಲ್ಲೇ ಸೊರಗುತ್ತಿತ್ತು. ಹಳೆಯ ವಾಲ್ವಿಗೆ ಏನೂ ಆಗಿರಲಿಲ್ಲ. ಮಾಲೀಕರಿಗೆ ಹಣ ಹಿಂದಿರುಗಿಸಿದ್ದಕ್ಕಿಂತ, ಅವರು ಒಂದು ಮಾತೂ ಆಡದೆ ಹೋದದ್ದು ಇನ್ನೂ ಚುಚ್ಚುತ್ತದೆ.

ಆಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆಸಿ. ಇಸಿಯು ವಾಲ್ವ್ ಎಷ್ಟು ತೆರೆಯಬೇಕೆಂದು ಕೇಳುತ್ತಿದೆ, ಅದು ಎಷ್ಟು ತೆರೆದಿದೆ ಎಂಬ ಎರಡು ಅಂಕಿಗಳು ಒಂದರ ಹಿಂದೊಂದು ನಡೆಯಬೇಕು. ಒಂದು ಕದಲಿ ಇನ್ನೊಂದು ಕದಲದಿದ್ದರೆ ಮಾತ್ರ ವಾಲ್ವನ್ನು ಬಿಚ್ಚಿ. ಒಣ ಮಸಿ ಇದ್ದರೆ ಕಾರ್ಬ್ ಕ್ಲೀನರ್ ಮತ್ತು ಹಿತ್ತಾಳೆ ಬ್ರಷ್ಷಿನಿಂದ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕಾಗಬಹುದು. ಮೋಟರ್ ಇರುವ ತುದಿಯನ್ನು ಮಾತ್ರ ನೆನೆಹಾಕಬೇಡಿ. ಮಸಿ ಡಾಂಬರಿನಂತೆ ಒದ್ದೆಯಾಗಿದ್ದರೆ ಆಯಿಲ್ ಬರುತ್ತಿದೆ, ಟರ್ಬೊ ಸೀಲನ್ನೂ ಎಂಜಿನ್ನಿನ ಆವಿ ಹೊರಬಿಡುವ ಬ್ರೀದರನ್ನೂ ನೋಡಿಸಿ. ಕೂಲಂಟ್ ಇಳಿಯುತ್ತಿದ್ದು, ಬೆಚ್ಚಗಾದ ಮೇಲೂ ಬಿಳಿ ಹೊಗೆ ಸಿಹಿ ವಾಸನೆ ಬೀರುತ್ತಿದ್ದರೆ ಹೊಗೆ ತಣಿಸುವ ಇಜಿಆರ್ ಕೂಲರ್ ಸೋರುತ್ತಿರಬಹುದು. ಆಗ ಗಾಡಿ ಓಡಿಸಬೇಡಿ, ಕೂಲಂಟ್ ಸಿಲಿಂಡರಿಗೆ ಇಳಿದರೆ ಎಂಜಿನ್ನೇ ಹೋಗುತ್ತದೆ.

ತಗಡಿನ ಮಾತಿಗೆ ನಗು ಬಂತು. ಹರಿವು ಕಡಿಮೆಯೆಂದು ದೂರಿರುವ ಇಸಿಯುಗೆ ಹರಿವನ್ನೇ ನಿಲ್ಲಿಸಿ ಸಮಾಧಾನ ಹೇಳುವುದೇ? ದೀಪ ಆರುವುದಿಲ್ಲ, ಸೋರುವ ಕೂಲರ್ ನಿಲ್ಲುವುದಿಲ್ಲ, ಹೊಗೆ ನಿಯಮದ ಪ್ರಕಾರ ತಪ್ಪು ಕೂಡ.

ಹೇಗೂ ಘಾಟಿಯಲ್ಲಿ ಚಂಡಿಕಾಂಬಾ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸುತ್ತೀರಿ. ಕೈಮುಗಿದ ಮೇಲೆ ಬಿಸಿ ಆರುವವರೆಗೆ ಕಾದು ಹೋಸಿನ ಅಡಿಗೊಮ್ಮೆ ಬಟ್ಟೆ ಒರೆಸಿ ನೋಡಿ. ಏನು ಅಂಟಿತೆಂದು ಇಲ್ಲಿ ಬರೆಯಿರಿ. ಕೋಡ್ ಅಳಿಸಿ ಲೋಡಿನಲ್ಲಿ ಹತ್ತಿದ ಮೇಲೆ ಮತ್ತೆ ಯಾವುದು ಬಂತು ಎಂಬುದನ್ನೂ ಸೇರಿಸಿ.