'ಕ್ಲೋಸ್ ಟು ದ ಎಡ್ಜ್' ನಾಲ್ಕು ಸಲ ಕೇಳಿದರೂ ತಲೆಗೆ ಹತ್ತಲಿಲ್ಲ, ಇನ್ನೆಷ್ಟು ಸಲ ಕೇಳಬೇಕು?

ಎಷ್ಟು ಸಲ ಅಂತ ಲೆಕ್ಕ ಇಡುವ ವಿಷಯವೇ ಅಲ್ಲ ಮಾರಾಯ್ರೆ. ಇಂಗ್ಲೆಂಡಿನ ಯೆಸ್ ಅನ್ನುವ ರಾಕ್ ಬ್ಯಾಂಡಿನ ಈ 1972ರ ಆಲ್ಬಂ ನಾನು ಕೇಳುತ್ತಿದ್ದದ್ದು ಉಡುಪಿಯಿಂದ ಮಂಗಳೂರಿಗೆ ಕಾಲೇಜಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ದಾರಿ ಒಂದು ಗಂಟೆಗೂ ಜಾಸ್ತಿ, ಆಲ್ಬಂ 40 ನಿಮಿಷದೊಳಗೆ ಮುಗಿಯುತ್ತದೆ, ಸರಿಯಾಯ್ತಲ್ಲ ಅಂದುಕೊಂಡೆ.

ಕೆಟ್ಟದ್ದೇ ಅಲ್ಲಿ. ಮೊದಲ ಹಾಡು 18 ನಿಮಿಷಕ್ಕೂ ಉದ್ದ, ಎಲ್‌ಪಿ ರೆಕಾರ್ಡಿನ ಒಂದಿಡೀ ಬದಿ. ಶುರುವಿಗೆ ಬರೀ ನೀರಿನ ಸದ್ದು, ಹಕ್ಕಿ ಕೂಗು, ಅದೂ ನಿಧಾನಕ್ಕೆ ಏರುತ್ತದೆ. ಬಸ್ಸಿನ ಹಾರ್ನು, ಕಂಡಕ್ಟರ್ ವಿಸಿಲ್ಲಿನ ಮಧ್ಯೆ ಅದು ಎಲ್ಲಿ ಕೇಳಬೇಕು? ಫೋನೇ ಕೆಟ್ಟಿತಾ ಅಂತ ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದೆ. ಅಷ್ಟರಲ್ಲಿ ಗಿಟಾರು, ಡ್ರಮ್ಮು ಎಲ್ಲ ಒಟ್ಟಿಗೇ ಕಿವಿಗೆ ಅಪ್ಪಳಿಸುತ್ತಿತ್ತು. ಗಡಬಡಿಸಿ ಇಳಿಸಿದರೆ ನಡುವಿನ ನಿಧಾನದ ಭಾಗ ಮಾಯ. ಕ್ರಿಸ್ ಸ್ಕ್ವೈರ್ ಅವರ ಬೇಸ್ ಗಿಟಾರನ್ನಂತೂ ಎಂಜಿನ್ನೇ ನುಂಗಿಬಿಡುತ್ತಿತ್ತು. ಅಂದರೆ ನಾನು ಕೇಳಿದ್ದು ಅರ್ಧ ಹಾಡು, ಅದೂ ಜೋರಾಗಿರುವ ಅರ್ಧ. ಅಷ್ಟನ್ನೇ ನಂಬಿ 'ಸುಮ್ನೆ ಗಲಾಟೆ' ಅಂತ ವರ್ಷಗಟ್ಟಲೆ ಬೈದುಕೊಂಡು ತಿರುಗಿದೆ.

ಆಮೇಲೊಂದು ಭಾನುವಾರ ಕಟಪಾಡಿಯಲ್ಲಿ ಭಾವನ ಮನೆಗೆ ಹೋದಾಗ ಅವರೇ ದೊಡ್ಡ ಸ್ಪೀಕರಿನಲ್ಲಿ ಹಾಕಿದ್ದರು. ನಾನು ಊಟ ಮುಗಿಸಿ ಪೇಪರ್ ಓದುತ್ತಿದ್ದೆ, ಅರ್ಥ ಮಾಡಿಕೊಳ್ಳುವ ಹಟವೇನೂ ಇರಲಿಲ್ಲ. 12ನೇ ನಿಮಿಷದ ಹೊತ್ತಿಗೆ ಇಗರ್ಜಿಯ ಪೈಪ್ ಆರ್ಗನ್ ಎದ್ದು ಬಂತು ನೋಡಿ, ಕಿಟಕಿಯ ಗಾಜು ಗುಂಯ್ ಅಂದಿತು. ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅದನ್ನು ಲಂಡನ್ನಿನ ಚರ್ಚೊಂದರಲ್ಲೇ ನುಡಿಸಿದ್ದು. ಅದಕ್ಕೆ ಮುಂಚಿನ ನಿಧಾನ ಕೇಳಿದ್ದರೆ ಮಾತ್ರ ಆ ಆರ್ಗನ್ನಿಗೆ ತೂಕ. ಯಕ್ಷಗಾನದಲ್ಲಿ ಒಡ್ಡೋಲಗದ ಹೊತ್ತಿಗೆ ನಿದ್ದೆ ಹೊಡೆದು ಯುದ್ಧಕ್ಕೆ ಎದ್ದು ಕೂತರೆ ಆಟ ನೋಡಿದ ಹಾಗೆ ಆಗುತ್ತಾ?

ಸಾಹಿತ್ಯ ಅರ್ಥವಾಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಅದನ್ನು ಬಿಟ್ಟಾಕಿ. ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿಯ ಪ್ರಭಾವ ಇದೆ ಅಂತ ನಾನು ಅದನ್ನೂ ಓದಿದೆ, ಹಾಡಿನ ಒಂದು ಸಾಲೂ ಹೆಚ್ಚಿಗೆ ತಿಳಿಯಲಿಲ್ಲ. ಗಾಯಕ ಜಾನ್ ಆಂಡರ್ಸನ್ ದನಿಯೂ ಒಂದು ವಾದ್ಯ ಅಂತ ಕೇಳಿ, ಸಾಕು.

ಮನೆಯಲ್ಲಿ ಕೂತು ಕೇಳಿಯೂ ಹಿಡಿಸದಿದ್ದರೆ ಬಿಡಿ, ಎಂತ ನಷ್ಟ? ಇದೇ ಬ್ಯಾಂಡಿನ ಮುಂದಿನ ಸ್ಟುಡಿಯೋ ಆಲ್ಬಂ, 1973ರ ಕೊನೆಗೆ ಬಂದದ್ದು, ನಾಲ್ಕೇ ಹಾಡು, ಒಂದೊಂದಕ್ಕೂ ಒಂದೊಂದು ಬದಿ. ನನಗದು ಇವತ್ತಿಗೂ ಆಗಿಬಂದಿಲ್ಲ. ವೇಕ್‌ಮನ್ ಅವರಿಗೇ ಅದು ಹಿಡಿಸಿರಲಿಲ್ಲ, ಮರುವರ್ಷ ಬ್ಯಾಂಡೇ ಬಿಟ್ಟರು.