ಹನ್ನೆರಡು ತಿಂಗಳೂ ದುಡಿಯುವ ಹೀಟ್ ಪಂಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ವರ್ಷ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಮನೆ ಕೊಂಡೆವು. ಚಳಿಗೂ ಸೆಕೆಗೂ ಒಂದೇ ಹೀಟ್ ಪಂಪ್ ಇದೆ. ಜನವರಿಯ ಒಂದು ಮುಂಜಾನೆ ಹೊರಗಿನ ಯೂನಿಟ್‌ ಮೇಲೆ ಬೆಳ್ಳಗೆ ಹಿಮ ಕಟ್ಟಿ, ಫ್ಯಾನ್ ನಿಂತು, ದಟ್ಟವಾಗಿ ಹೊಗೆ ಎದ್ದಿತು. ಹೆದರಿ ಬ್ರೇಕರ್ ಆಫ್ ಮಾಡಿದೆವು. ಬಂದ ಟೆಕ್ನಿಷಿಯನ್ ಏನೂ ಆಗಿಲ್ಲವೆಂದು ಹೇಳಿ ಹೋದರು. ಈ ಯಂತ್ರವನ್ನು ವರ್ಷವಿಡೀ ಹೇಗೆ ನೋಡಿಕೊಳ್ಳಬೇಕು? ನಾವೇ ಮಾಡಬಹುದಾದದ್ದು ಎಷ್ಟು?
– ಓದುಗರೊಬ್ಬರು, ಕ್ಯಾರಿ

ಉತ್ತರ: ನೀವು ಕಂಡದ್ದು ನೀರಾವಿ, ಭಯಪಡುವ ಕಾರಣವಿಲ್ಲ. ಚಳಿಗಾಲದಲ್ಲಿ ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಹೀರಿ ಮನೆಯೊಳಕ್ಕೆ ತರುತ್ತದೆ. ಹಾಗೆ ಹೀರುವಾಗ ಹೊರಗಿನ ಕಾಯಿಲ್ (ಶಾಖ ಹೊರುವ ಗ್ಯಾಸ್ ಹರಿಯುವ ಕೊಳವೆಯ ಸುರುಳಿ) ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದ ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕೂರುತ್ತದೆ. ಅದನ್ನು ಕರಗಿಸಲು ಯಂತ್ರವು ತಾನಾಗಿಯೇ ಕೆಲವು ನಿಮಿಷ ತಿರುಗುಮುರುಗಾಗಿ ಓಡಿ, ಒಳಗಿನ ಶಾಖವನ್ನು ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಆಗ ಫ್ಯಾನ್ ನಿಲ್ಲುವುದೂ ಆವಿ ಏಳುವುದೂ ಸಹಜ. ಹಿಮ ಗಂಟೆಗಟ್ಟಲೆ ಕರಗದೆ ದಪ್ಪ ಮಂಜುಗಡ್ಡೆಯಾಗಿ ಕಾಯಿಲ್ ಪೂರ್ತಿ ಮುಚ್ಚಿಕೊಂಡರೆ ಮಾತ್ರ ಟೆಕ್ನಿಷಿಯನ್ನರನ್ನು ಕರೆಸಬೇಕು. ಆ ಗಡ್ಡೆಯನ್ನು ಚಾಕುವಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ಕೆತ್ತಲು ದಯವಿಟ್ಟು ಹೋಗಬೇಡಿ. ಕಾಯಿಲ್ ತೂತಾದರೆ ಗ್ಯಾಸ್ ಪೂರ್ತಿ ಹೊರಟುಹೋಗುತ್ತದೆ. ಸೂರಿನ ನೀರು ಯೂನಿಟ್‌ ಮೇಲೆ ತೊಟ್ಟಿಕ್ಕುತ್ತಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಆ ನೀರೇ ರಾತ್ರಿ ಹೆಪ್ಪುಗಟ್ಟುತ್ತದೆ.

ಮನೆ ಬೆಚ್ಚಗಿಡುವ ಫರ್ನೇಸ್‌ಗೆ ಬೇಸಿಗೆಯಲ್ಲಿ ಬಿಡುವು, ಎಸಿಗೆ ಚಳಿಗಾಲದಲ್ಲಿ ಬಿಡುವು. ಹೀಟ್ ಪಂಪ್‌ಗೆ ಅಂಥ ಬಿಡುವಿನ ಕಾಲವೇ ಇಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ನೋಡಿದರಾಯಿತು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ಚೆನ್ನಾಗಿ ನೋಡಿಕೊಂಡ ಯಂತ್ರಕ್ಕೂ ತೀರ ಅಲಕ್ಷಿಸಿದ ಯಂತ್ರಕ್ಕೂ ವಿದ್ಯುತ್ ಬಳಕೆಯಲ್ಲಿ ಶೇ. 10ರಿಂದ 25ರವರೆಗೆ ವ್ಯತ್ಯಾಸವಾಗುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಈ ನಷ್ಟದ ದೊಡ್ಡ ಪಾಲು, ನನ್ನ ದೃಷ್ಟಿಯಲ್ಲಿ, ಗಾಳಿಯ ದಾರಿ ಕಟ್ಟಿಕೊಳ್ಳುವುದರಿಂದಲೇ ಆಗುವುದು, ಮತ್ತು ಆ ದಾರಿಯನ್ನು ತೆರೆದಿಡುವುದು ಮನೆಯವರ ಕೈಯಲ್ಲೇ ಇದೆ.

ಎಲ್ಲಕ್ಕಿಂತ ಮೊದಲು ಫಿಲ್ಟರ್. ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆಳಕು ಹಾಯದಷ್ಟು ಧೂಳು ಕೂತಿದ್ದರೆ ಬದಲಾಯಿಸಿ. ಸಾಕುನಾಯಿ ಇರುವ, ಪ್ರತಿದಿನ ಒಗ್ಗರಣೆ ಹಾಕುವ ಮನೆಗಳಲ್ಲಿ ಅದು ಬೇಗನೆ ತುಂಬುತ್ತದೆ. ಸೂಕ್ಷ್ಮವಾದಷ್ಟೂ ಒಳ್ಳೆಯದೆಂದು ಅತಿ ದಟ್ಟವಾದ ಫಿಲ್ಟರ್ ಕೊಳ್ಳುವವರಿದ್ದಾರೆ. ಆದರೆ ಯಂತ್ರದ ಬ್ಲೋವರ್ ಅಷ್ಟು ದಟ್ಟಣೆಗೆ ತಕ್ಕುದಲ್ಲದಿದ್ದರೆ ಗಾಳಿಯ ಓಟ ಕುಗ್ಗಿ, ಬೇಸಿಗೆಯಲ್ಲಿ ಒಳಗಿನ ಕಾಯಿಲ್ ಹೆಪ್ಪುಗಟ್ಟುತ್ತದೆ, ಚಳಿಗಾಲದಲ್ಲಿ ಕಂಪ್ರೆಸರ್ ಬಳಲುತ್ತದೆ. ಯಾವ ದರ್ಜೆಯ ಫಿಲ್ಟರ್ ಹಾಕಬಹುದೆಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಬಳಸದ ಕೋಣೆಗಳ ಗಾಳಿಕಿಂಡಿಗಳನ್ನು ಮುಚ್ಚಿ ಹಣ ಉಳಿಸುವ ಯೋಚನೆಯೂ ಇದೇ ಕಾರಣಕ್ಕೆ ಸರಿಯಲ್ಲ.

ನಿಮ್ಮ ಊರಿನಲ್ಲಿ ಮಾರ್ಚ್‌ ಕೊನೆಯಿಂದ ಏಪ್ರಿಲ್‌ವರೆಗೆ ಪೈನ್ ಮರಗಳ ಪರಾಗ ಕಾರಿನ ಮೇಲೆಲ್ಲ ಹಳದಿಯಾಗಿ ಕೂರುವುದನ್ನು ನೋಡಿರುತ್ತೀರಿ. ಅದೇ ಪರಾಗ ಹೊರಗಿನ ಕಾಯಿಲ್‌ನ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆಯೂ ಮೆತ್ತಿಕೊಳ್ಳುತ್ತದೆ. ಪರಾಗದ ಕಾಲ ಮುಗಿದ ಮೇಲೆ, ಥರ್ಮೋಸ್ಟಾಟ್ ಆಫ್ ಮಾಡಿ, ಯೂನಿಟ್ ಪಕ್ಕದ ವಿದ್ಯುತ್ ಸಂಪರ್ಕವನ್ನೂ ಕಡಿದು, ತೋಟದ ಪೈಪಿನಿಂದ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಪ್ರೆಶರ್ ವಾಷರ್ ಬೇಡವೇ ಬೇಡ, ಆ ರಭಸಕ್ಕೆ ಹಾಳೆಗಳು ಮಡಚಿಕೊಳ್ಳುತ್ತವೆ. ಸುತ್ತಲೂ ಎರಡು ಅಡಿ ಜಾಗ ಬಿಟ್ಟು ಗಿಡಗಳನ್ನು ಕತ್ತರಿಸಿಡಿ. ಎಲೆ ಉದುರುವ ಕಾಲದಲ್ಲಿ ಯೂನಿಟ್‌ನ ಬುಡವನ್ನು ಗುಡಿಸಿಡಿ. ಚಳಿಗಾಲವೆಂದು ಅದಕ್ಕೆ ಟಾರ್ಪಾಲ್ ಹೊದಿಸಬಾರದು, ಅದು ಆಗಲೇ ಹೆಚ್ಚು ಗಾಳಿ ಬೇಡುವುದು.

ಬೇಸಿಗೆಯಲ್ಲಿ ಒಳಗಿನ ಯೂನಿಟ್‌ನಿಂದ ನೀರು ಹೊರಹೋಗುವ ಡ್ರೇನ್ ಪೈಪಿನಲ್ಲಿ ಪಾಚಿ ಬೆಳೆದು ಕಟ್ಟಿಕೊಳ್ಳುವುದುಂಟು. ಒಂದೆರಡು ತಿಂಗಳಿಗೊಮ್ಮೆ ಸ್ವಲ್ಪ ಬಿಳಿ ವಿನೆಗರ್ ಸುರಿದರೆ ಸಾಕು. ಇದನ್ನು ಮರೆತ ಮನೆಗಳಲ್ಲಿ ಚಾವಣಿಯೇ ನೆನೆದು ಹಾಳಾಗುತ್ತದೆ.

ಚಳಿಗಾಲದಲ್ಲಿ ರಾತ್ರಿ ಥರ್ಮೋಸ್ಟಾಟನ್ನು ಬಹಳ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸುವ ರೂಢಿಯನ್ನು ಬಿಡಿ. ಹಾಗೆ ಏರಿಸಿದಾಗ ಸಹಾಯಕ ವಿದ್ಯುತ್ ಹೀಟರ್ ಚಾಲೂ ಆಗಿ, ರಾತ್ರಿ ಉಳಿಸಿದ್ದೆಲ್ಲ ಬೆಳಗಿನ ಹೊತ್ತಿಗೆ ಕೈಬಿಡಬಹುದು. ‘ಎಮರ್ಜೆನ್ಸಿ ಹೀಟ್’ ಗುಂಡಿ ಇರುವುದು ಪಂಪ್ ಕೆಟ್ಟ ದಿನಕ್ಕೆ. ಚಳಿ ಹೆಚ್ಚಾಯಿತೆಂದು ಅದನ್ನು ಒತ್ತಬೇಡಿ.

ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಪರಿಣತರಿಂದ ಪರೀಕ್ಷೆ ಮಾಡಿಸಿ. ಗ್ಯಾಸ್ ವರ್ಷಾವರ್ಷ ತುಂಬಿಸುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸಿ ಹೋಗುವವರನ್ನು ಒಪ್ಪಬೇಡಿ. ಈ ಕೆಲಸಕ್ಕೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ ಪ್ರಮಾಣಪತ್ರ ಇರಲೇಬೇಕು, ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದ್ದೇವೆ. ಬೋರ್‌ವೆಲ್ ನೀರು. ಈಚೆಗೆ ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿದೆ. ಏನು ಕಾರಣ?
– ಓದುಗರೊಬ್ಬರು, ಮೈಸೂರು

ಉತ್ತರ: ಗಡಸು ನೀರಿನ ಸುಣ್ಣ ಶಾಖ ದಾಟುವ ಭಾಗದ ಮೇಲೆ ಪದರವಾಗಿ ಕೂತಿರುವ ಸಾಧ್ಯತೆಯೇ ಹೆಚ್ಚು. ಕಂಪನಿಯವರಿಂದ ಅದನ್ನು ತೆಗೆಸಿ, ಟ್ಯಾಂಕಿನಲ್ಲಿ ಆನೋಡ್ ಕಡ್ಡಿ ಇದ್ದರೆ ಅದು ಸವೆದಿದೆಯೇ ಎಂದೂ ನೋಡಿಸಿ. ಆ ಕಡ್ಡಿ ಪೂರ್ತಿ ಸವೆದರೆ ತುಕ್ಕು ಟ್ಯಾಂಕನ್ನೇ ತಿನ್ನತೊಡಗುತ್ತದೆ. ನೀರು ಹೆಚ್ಚು ಬಿಸಿಯಾದಷ್ಟೂ ಸುಣ್ಣ ಹೆಚ್ಚು ಕಟ್ಟುವುದರಿಂದ ಅಗತ್ಯ ಮೀರಿದ ಉಷ್ಣಾಂಶ ಇಡಬೇಡಿ. ಇದರ ಜೊತೆಗೆ ತಾರಸಿಯ ಧೂಳು ಕಾಯಿಲ್‌ಗೆ ಮೆತ್ತಿದ್ದರೆ ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಮಳೆಗೆಂದು ಸುತ್ತ ತಗಡು ಕಟ್ಟಿಸಿದ್ದರೆ ಬಿಚ್ಚಿಸಿ, ಮೇಲಿನ ಮಾಡು ಮಾತ್ರ ಉಳಿಸಿಕೊಳ್ಳಿ. ನಾಲ್ಕೂ ಕಡೆ ಮುಚ್ಚಿದರೆ ಯಂತ್ರ ತಾನೇ ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ.